ತಾರಸಿಗೂ ಸ್ವಲ್ಪ ಗಾಳಿ

ನಮ್ಮ ಮನೆಯಲ್ಲಿ ಯಾವ ಸಾಮಾನೂ ತಾನಾಗಿ ಪೂರ್ತಿ ಕೆಡುವುದಿಲ್ಲ. ಅರ್ಧ ಕೆಡುತ್ತದೆ. ಉಳಿದರ್ಧವನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ.

ಅವರಿಗೆ ಬ್ಯಾಂಕಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ಮಾತ್ರ ಕೈಯಲ್ಲಿ ಟೆಸ್ಟರ್, ಬಾಯಲ್ಲಿ ಇನ್ಸುಲೇಶನ್ ಟೇಪು, ತಲೆಯಲ್ಲಿ ಹಿಂದಿನ ರಾತ್ರಿ ನೋಡಿದ ಯೂಟ್ಯೂಬ್ ವಿಡಿಯೊ. ವಿಡಿಯೊದಲ್ಲಿ ಸ್ಕ್ರೂಗಳು ಹೇಳಿದ ಮಾತು ಕೇಳುತ್ತವೆ. ನಮ್ಮ ಮನೆಯವು ಬಿಚ್ಚುವಾಗ ಹಟ ಮಾಡುತ್ತವೆ, ಜೋಡಿಸುವಾಗ ಸೋಫಾ ಕೆಳಗೆ ಹೋಗಿ ಕೂರುತ್ತವೆ.

ಒಮ್ಮೆ ಇಡ್ಲಿಗೆ ಉದ್ದು ರುಬ್ಬುತ್ತಿದ್ದಾಗ ಮಿಕ್ಸಿ ನಿಂತಿತು. ಇವರು ಪೇಪರ್ ಹಾಸಿ, ಅದರ ಹೊಟ್ಟೆಯೊಳಗಿನದನ್ನೆಲ್ಲ ಹರವಿ, ಕಾರ್ಬನ್ ಬ್ರಷ್ ಉಜ್ಜಿ ಮತ್ತೆ ಜೋಡಿಸಿದರು. ಜಪ್ಪಯ್ಯ ಅಂದರೂ ಓಡಲಿಲ್ಲ. 'ಮೋಟರ್ ಹೋಗಿದೆ ಕಣೇ' ಎಂದು ತೀರ್ಪು ಕೊಟ್ಟರು. ಪಾತ್ರೆ ತೊಳೆಯಲು ಬಂದಾಕೆ ಮಿಕ್ಸಿಯನ್ನು ತಲೆಕೆಳಗು ಮಾಡಿ, ತಳದಲ್ಲಿದ್ದ ಕೆಂಪು ಗುಂಡಿ ಒತ್ತಿದಳು. ಗುರ್ರ್ ಅಂತ ಓಡಿತು! ಹಿಟ್ಟು ಗಟ್ಟಿಯಾಗಿ ಲೋಡ್ ಜಾಸ್ತಿಯಾದರೆ ಮೋಟರ್ ಸುಡದಿರಲಿ ಅಂತ ಅದು ತಾನೇ ಆಫ್ ಆಗುತ್ತದಂತೆ. 'ನಾನು ಬ್ರಷ್ ಉಜ್ಜಿದ್ದಕ್ಕೇ ಓಡಿದ್ದು' ಅಂತ ಇವರು ಇವತ್ತಿಗೂ ಹೇಳುತ್ತಾರೆ.

ಏಪ್ರಿಲ್‌ನಲ್ಲಿ ಹಾಲ್‌ನ ಫ್ಯಾನು ಸುಸ್ತಾಯಿತು. ಐದರಲ್ಲಿಟ್ಟರೂ ಒಂದರ ವೇಗ. 'ಕೆಪಾಸಿಟರ್ ವೀಕ್' ಎಂದರು ಇವರು. ಕೆಪಾಸಿಟರ್ ಅಂದರೆ ಕರೆಂಟು ಹಿಡಿದಿಟ್ಟುಕೊಳ್ಳುವ ಡಬ್ಬಿಯಂಥ ಬಿಡಿಭಾಗ. ಈ ಸಲ ರೋಗ ಸರಿಯಾಗಿಯೇ ಹಿಡಿದಿದ್ದರು. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರು 2.5 ಮೈಕ್ರೊಫ್ಯಾರಡ್‌ನ ಪುಟ್ಟ ಕೆಪಾಸಿಟರ್ ತಂದರು. ಜೊತೆಗೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಮತ್ತು ಯಾವುದಕ್ಕೋ ಬೇಕಾಗುತ್ತೆ ಅಂತ ಒಂದು ಸುರುಳಿ ವೈರು. ಎಸ್.ಪಿ. ರೋಡಿನಿಂದ ಒಂದೇ ಸಾಮಾನು ತಂದ ಗಂಡಸು ಇನ್ನೂ ಹುಟ್ಟಿಲ್ಲ, ಬಿಡಿ.

ಮೇನ್ ಆಫ್ ಆಯಿತು. ಅತ್ತೆಯ ಧಾರಾವಾಹಿಯೂ ಆಫ್. ಯಾರಾದರೂ ಮರೆತು ಹಾಕಿಬಿಟ್ಟಾರೆಂದು ನನ್ನನ್ನು ಮೇನ್ ಸ್ವಿಚ್ಚಿನ ಹತ್ತಿರ ಕಾವಲು ನಿಲ್ಲಿಸಿದರು. ಇವರು ಸ್ಟೂಲ್ ಹತ್ತಿ ವೈರು ಜೋಡಿಸಿ ಇಳಿದರು. ಸ್ವಿಚ್ ಹಾಕಿದರೆ ಫ್ಯಾನು ಭರ್ರನೆ ತಿರುಗಿತು. ಅತ್ತೆ ಸ್ವಲ್ಪ ಹೊತ್ತು ಮುಖ ಮೇಲೆತ್ತಿ ಕೂತಿದ್ದು, 'ಅಲ್ಲ ಕಣೋ, ತಿರುಗ್ತಿರೋದೇನೋ ಕಾಣತ್ತೆ. ಗಾಳಿ ಎಲ್ಲಿ?' ಎಂದರು.

ತಾರಸಿಯ ಮೂಲೆಯ ಜೇಡರ ಬಲೆ ಕುಣಿಯುತ್ತಿತ್ತು. ಗಾಳಿ ಅಲ್ಲಿತ್ತು. ಫ್ಯಾನಿನೊಳಗೆ ತಂತಿಯ ಎರಡು ಸುರುಳಿ. ಒಂದಕ್ಕೆ ಕರೆಂಟು ನೇರ, ಇನ್ನೊಂದಕ್ಕೆ ಕೆಪಾಸಿಟರ್ ಮೂಲಕ. ಅದಲು ಬದಲಾದರೆ ಫ್ಯಾನು ಹಿಂದಕ್ಕೆ ತಿರುಗುತ್ತದೆ.

'ಅಮೆರಿಕದಲ್ಲಿ ಚಳಿಗಾಲಕ್ಕೆ ಬೇಕು ಅಂತಲೇ ಹೀಗೆ ತಿರುಗಿಸ್ತಾರೆ. ಅದಕ್ಕೆ ಸ್ವಿಚ್ಚೇ ಇರುತ್ತೆ' ಎಂದರು ಇವರು.

'ರೀ, ಇದು ಏಪ್ರಿಲ್ಲು' ಎಂದೆ. ಮತ್ತೆ ಸ್ಟೂಲ್, ಮತ್ತೆ ಕಾವಲು. ಆಮೇಲೆ ಸರಿಹೋಯಿತು. ಸುಳ್ಳು ಹೇಳಬಾರದು, ಈಗ ತುಂಬಾ ಚೆನ್ನಾಗಿ ಗಾಳಿ ಬರುತ್ತದೆ.

ಆದರೆ ಮೈಕ್ರೊವೇವ್ ಮುಟ್ಟಲು ಮಾತ್ರ ಬಿಡುವುದಿಲ್ಲ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ಮೊನ್ನೆಯಿಂದ ಅದರೊಳಗಿನ ತಟ್ಟೆ ತಿರುಗುತ್ತಿಲ್ಲ. ಇವರಿಗೆ ಹೇಳಿಲ್ಲ. ನಡುನಡುವೆ ಬಾಗಿಲು ತೆಗೆದು ನಾನೇ ಬಟ್ಟಲು ತಿರುಗಿಸಿ ಇಡುತ್ತಿದ್ದೇನೆ.