ದೇಕಬ್ಬೆಯ ಬಾಯಲ್ಲಿ ನಮ್ಮ ಮಾತೇಕೆ?

ಇತಿಹಾಸವನ್ನು ಆಧರಿಸಿದ ಕಾದಂಬರಿ, ನಾಟಕ, ಧಾರಾವಾಹಿಗಳಲ್ಲಿ ಒಂದು ಬಗೆಯ ಪಾತ್ರ ಮತ್ತೆ ಮತ್ತೆ ಎದುರಾಗುತ್ತದೆ. ಕಥೆ ನಡೆಯುವುದು ಹನ್ನೊಂದನೆಯ ಶತಮಾನದಲ್ಲಾದರೂ ಸಹಗಮನ, ಜೀತ, ಜಾತಿಯ ಕಟ್ಟಳೆ ಎಲ್ಲವೂ ತಪ್ಪೆಂಬುದು ಆ ಪಾತ್ರಕ್ಕೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಸುತ್ತಲಿನವರು ಮಾತ್ರ ಕ್ರೂರಿಗಳು ಇಲ್ಲವೇ ಮೂಢರು. ಆ ಕಾಲದಲ್ಲಿ ಹುಟ್ಟಿದ್ದರೆ ತಾವೂ ಈ ಪಾತ್ರದ ಪಕ್ಕದಲ್ಲೇ ನಿಲ್ಲುತ್ತಿದ್ದೆವೆಂಬ ನೆಮ್ಮದಿಯಲ್ಲಿ ಓದುಗರು ಪುಸ್ತಕ ಮುಚ್ಚುತ್ತಾರೆ. ಇದು ಚರಿತ್ರೆಗೂ ಕಥೆಗೂ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಉತ್ತರ ಮೊದಲೇ ತಿಳಿದವರಿಗೆ ಧರ್ಮಸಂಕಟವಾದರೂ ಎಲ್ಲಿಯದು?

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಆಗ ಆ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ನವಿಲೆನಾಡಿನ ಒಡೆಯ ಏಚನು ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದದ್ದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾಗುತ್ತಾನೆ. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳಲು ನಿಶ್ಚಯಿಸುತ್ತಾಳೆ. ಹೆತ್ತವರು ಬೇಡವೆಂದು ಅಂಗಲಾಚುತ್ತಾರೆ. ಅವಳು ಕೇಳುವುದಿಲ್ಲ, ದಾನಗಳನ್ನು ಕೊಟ್ಟು ಚಿತೆಯೇರುತ್ತಾಳೆ. ಅವಳನ್ನು ಕೊಂಡಾಡಲೆಂದೇ ನಿಲ್ಲಿಸಿದ ಕಲ್ಲಿನಲ್ಲಿ ತಡೆಯಲು ಬಂದವರ ಅಳಲೂ ಉಳಿದಿರುವುದು ನನ್ನನ್ನು ಬಹಳ ಕಾಡುತ್ತದೆ. ಸಹಗಮನವನ್ನು ಪುಣ್ಯವೆಂದು ಹೊಗಳುತ್ತಿದ್ದ ಸಮಾಜದಲ್ಲೇ ಮಗಳು ಬದುಕಿರಲಿ ಎಂದು ಬೇಡಿಕೊಂಡ ತಂದೆತಾಯಿಯರಿದ್ದರು, ಮತ್ತು ಹಾಗೆ ಬೇಡಿಕೊಳ್ಳಲು ಅವರಿಗೆ ಯಾವ ಸುಧಾರಕನ ಬೋಧನೆಯೂ ಬೇಕಾಗಿರಲಿಲ್ಲ. ಕಾದಂಬರಿಕಾರರಿಗೆ ಬೇಕಾದ ವಿರೋಧದ ದನಿ ಅಲ್ಲೇ ಇದೆ. ಅದನ್ನು ಇಂದಿನಿಂದ ಎರವಲು ಒಯ್ಯಬೇಕಾಗಿಲ್ಲ. ನಿಜವಾಗಿ ಕಷ್ಟದ ಕೆಲಸವೆಂದರೆ ದೇಕಬ್ಬೆಯ ಮನಸ್ಸನ್ನು ಹೊಕ್ಕು ಬರೆಯುವುದು. ಅವಳನ್ನು ಬರಿಯ ಬಲಿಪಶುವೆಂದರೆ ಅವಳ ಹಟಕ್ಕೆ ಅರ್ಥವಿರುವುದಿಲ್ಲ, ದೇವಿಯೆಂದರೆ ಅವಳ ಮುಂದೆ ವಿಧವೆಯ ಬಾಳಲ್ಲದೆ ಬೇರೆ ದಾರಿಯೇ ಇರಲಿಲ್ಲವೆಂಬುದು ಮರೆಯಾಗುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವೆಂಬ ಸ್ಮಾರಕಸ್ತಂಭವೂ ಇಂಥದೇ ಪ್ರಶ್ನೆಯನ್ನು ಮುಂದಿಡುತ್ತದೆ. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ಪಡೆಯವರೊಡನೆ ಪ್ರಾಣ ಕೊಟ್ಟನು. ಒಡೆಯನೊಡನೆ ಸಾಯುವ ಈ ವ್ರತಕ್ಕೆ ವೇಳೆವಾಳಿ ಎನ್ನುತ್ತಿದ್ದರು. ಉಂಡ ಅನ್ನದ ಋಣವನ್ನು ತಲೆಕೊಟ್ಟು ತೀರಿಸುವುದು ಇಂದು ನಮಗೆ ಊಹೆಗೂ ನಿಲುಕದು. ಆದರೆ ಮಾತು ಕೊಟ್ಟವನೊಬ್ಬನು ಬದುಕುಳಿಯಲು ಹಂಬಲಿಸಿದ್ದರೆ ಅವನ ಎದೆಯೊಳಗೆ ಏನಾಗಿರಬಹುದು ಎಂಬುದನ್ನು ಊಹಿಸಬಹುದು, ಕಾದಂಬರಿ ಆ ಊಹೆಯನ್ನೇ ಬೆಳೆಸಬೇಕು. ಗಂಡನ ವ್ರತದಲ್ಲಿ ಸುಗ್ಗಲದೇವಿಯ ಪಾಲೆಷ್ಟು, ಅವಳನ್ನು ಯಾರಾದರೂ ಕೇಳಿದ್ದರೇ ಎಂಬುದಂತೂ ಒಂದು ಇಡೀ ಪುಸ್ತಕಕ್ಕಾಗುವಷ್ಟು ದೊಡ್ಡ ವಿಷಯ.

ಹೀಗೆ ಒಳಹೊಕ್ಕು ಬರೆದರೆ ಅದು ವೈಭವೀಕರಣವಾಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಬಂಗಾಳದಲ್ಲಿ 1829ರಲ್ಲೇ ನಿಷೇಧಗೊಂಡ ಸಹಗಮನಕ್ಕೆ 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟರ ಹರೆಯದ ರೂಪ್ ಕನ್ವರ್ ಬಲಿಯಾದಾಗ ಜಯಕಾರ ಹಾಕಿದವರಿದ್ದರು. ಅದರ ಬೆನ್ನಲ್ಲೇ ಸತಿಯ ವೈಭವೀಕರಣವನ್ನೂ ಅಪರಾಧವೆಂದು ಸಾರುವ ಕಾನೂನು ಬಂತು. ಆದರೆ ಪಾತ್ರದ ನಂಬಿಕೆಯನ್ನು ಅದರ ಪೂರ್ಣ ತೂಕದೊಂದಿಗೆ ಕಟ್ಟಿಕೊಡುವುದು ಒಂದು ಕೆಲಸ, ಆ ನಂಬಿಕೆಯಿಂದ ಯಾರಿಗೆ ಮಾನ ಸಿಕ್ಕಿತು, ಯಾರ ಮೈ ಸುಟ್ಟಿತು ಎಂಬುದನ್ನು ಮರೆಮಾಚದಿರುವುದು ಇನ್ನೊಂದು. ಎರಡನೆಯದನ್ನು ಬಿಟ್ಟ ಬರಹ ಮಾತ್ರ ಜಯಕಾರಕ್ಕೆ ಒದಗುತ್ತದೆ.

ಇನ್ನು ಹನ್ನೆರಡನೆಯ ಶತಮಾನದ, ಬಸವಣ್ಣನ ಕಾಲದ ಕಲ್ಯಾಣದ ಕಥೆ. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆ, ಅದಕ್ಕಾಗಿ ಆ ತಂದೆಯರಿಗಾದ ಶಿಕ್ಷೆ ನಮ್ಮ ಸಾಹಿತ್ಯದಲ್ಲಿ, ರಂಗಭೂಮಿಯಲ್ಲಿ ಮತ್ತೆ ಮತ್ತೆ ಬಂದಿದೆ. ಇದನ್ನು ಕಳೆದುಹೋದ ಕಾಲದ ಕ್ರೌರ್ಯವೆಂಬಂತೆ ತೋರಿಸುವ ಪ್ರಯೋಗಗಳನ್ನು ನಾನು ಒಪ್ಪಲಾರೆ. ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ನಾವು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತಿರುವಾಗ, ಆಗಿನ ದೊರೆ ಬಿಜ್ಜಳನ ಆಸ್ಥಾನದವರನ್ನು ಬೇರೊಂದು ಲೋಕದ ಜನರೆಂಬಂತೆ ಚಿತ್ರಿಸುವ ಹಕ್ಕು ನಮಗಿನ್ನೂ ಬಂದಿಲ್ಲ.