ರಸಮೇವು ಕೊಳೆತ ಮೇವಲ್ಲ

‘ಚೀಲದಲ್ಲಿ ಕೊಳೆಸಿದ ಮುಸುಕಿನ ಜೋಳವನ್ನು ಹಸುಗಳಿಗೆ ತಿನ್ನಿಸುತ್ತಿದ್ದಾರೆ, ಹುಳಿ ವಾಸನೆಯೇ ಸಾಕ್ಷಿ’ ಎಂಬರ್ಥದ ವಾಟ್ಸ್‌ಆ್ಯಪ್ ಸಂದೇಶಗಳು ಹೈನುಗಾರರನ್ನು ಗಾಬರಿಗೊಳಿಸುತ್ತಿವೆ. ಸಂದೇಶ ದೂರುತ್ತಿರುವುದು ರಸಮೇವನ್ನು (ಸೈಲೇಜ್), ಅಂದರೆ ಗಾಳಿಯಾಡದಂತೆ ಮುಚ್ಚಿಟ್ಟು ಹುದುಗಿಸಿದ ಹಸಿಮೇವನ್ನು. ವಾಸನೆ ಇರುವುದು ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಕತ್ತರಿಸಿದ ಹಸಿ ಜೋಳದ ಮೇಲೆ ನಾನಾ ಬಗೆಯ ಸೂಕ್ಷ್ಮಜೀವಿಗಳಿರುತ್ತವೆ; ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಆರಂಭದಲ್ಲಿ ಅವುಗಳ ನಡುವೆ ಅಲ್ಪಸಂಖ್ಯಾತರು. ಮೇವನ್ನು ಒತ್ತಿ ತುಂಬಿ ಗಾಳಿಯಾಡದಂತೆ ಮುಚ್ಚಿದಾಗ, ಒಳಗುಳಿದ ಆಮ್ಲಜನಕವನ್ನು ಇನ್ನೂ ಉಸಿರಾಡುತ್ತಿರುವ ಸಸ್ಯಕೋಶಗಳೂ ಗಾಳಿ ಬೇಡುವ ಜೀವಿಗಳೂ ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಆಮೇಲೆ ಈ ಅಲ್ಪಸಂಖ್ಯಾತರ ಪೈಕಿ ಲ್ಯೂಕೊನಾಸ್ಟಾಕ್, ವೈಸೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಗಿಡದ ಸಕ್ಕರೆಯನ್ನು ಆಮ್ಲವಾಗಿಸಲು ತೊಡಗಿ, ಹುಳಿ ಹೆಚ್ಚಿದಂತೆ ತಾವೇ ಹಿಂದೆ ಸರಿದು, ಆಮ್ಲವನ್ನು ಚೆನ್ನಾಗಿ ಸಹಿಸುವ ಲ್ಯಾಕ್ಟೊಬ್ಯಾಸಿಲಸ್ ಬಳಗಕ್ಕೆ ಜಾಗ ಬಿಡುತ್ತವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ ಸುಮಾರು 6ರಿಂದ 4ರ ಆಸುಪಾಸಿಗೆ ಇಳಿದ ಮೇಲೆ, ಮೇವನ್ನು ಕೊಳೆಸುವ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹಾಲು ಮೊಸರಾಗುವುದೂ ಇಂಥವೇ ಬ್ಯಾಕ್ಟೀರಿಯಾಗಳಿಂದ. ಮೊಸರನ್ನು ಯಾರೂ ಕೊಳೆತ ಹಾಲು ಎನ್ನುವುದಿಲ್ಲವಲ್ಲ.

ಹಾಗೆಂದು ಎಲ್ಲ ರಸಮೇವೂ ನಿರಪಾಯಕಾರಿಯಲ್ಲ. ನೀರಿನಂಶ ಅತಿಯಾಗಿರುವ ಎಳೆಯ ಬೆಳೆಯನ್ನು ತುಂಬಿದರೆ ಕ್ಲಾಸ್ಟ್ರಿಡಿಯಂ ಬೆಳೆದು, ಅದು ತಯಾರಿಸುವ ಬ್ಯುಟಿರಿಕ್ ಆಮ್ಲದ ಕಮಟು ನಾತ ಬರಬಹುದು. ಆದ್ದರಿಂದಲೇ ಒಣ ಅಂಶ ಶೇ. 30ರಿಂದ 35ರಷ್ಟಿರುವಾಗ ಕಟಾವು ಮಾಡುವುದು ರೂಢಿ. ಸಂದೇಶ ಹೇಳದೆ ಬಿಟ್ಟ ಇನ್ನೊಂದು ಅಪಾಯ ಚೀಲ ತೆರೆದ ಮೇಲಿನದು. ಗಾಳಿ ಸೋಕಿದಾಗ ಯೀಸ್ಟ್‌ಗಳು ಲ್ಯಾಕ್ಟಿಕ್ ಆಮ್ಲವನ್ನೇ ಬಳಸಿಕೊಂಡು ಮೇವನ್ನು ಬಿಸಿಯಾಗಿಸುತ್ತವೆ. ಹುಳಿ ಕಡಿಮೆಯಾದೊಡನೆ ಬೂಷ್ಟು ಹಬ್ಬುತ್ತದೆ. ಕೈಯಿಟ್ಟಾಗ ಬಿಸಿಯೆನಿಸುವ, ಬಿಳಿ ಅಥವಾ ಹಸಿರು ಬೂಷ್ಟಿನ ಗಂಟುಗಳಿರುವ ಭಾಗವನ್ನು ಹಸುವಿಗೆ ಹಾಕಬಾರದು, ಏಕೆಂದರೆ ಕೆಲವು ಬೂಷ್ಟುಗಳು ತಯಾರಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ದೇಹದಲ್ಲಿ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ.