ತುದಿ ಮುಟ್ಟುವ ಮುಂಚೆಯೇ ಚಹಾ

ಒಬ್ಬರೇ ಗುಡ್ಡ ಹತ್ತುವವರು ಚಹಾ ಕುಡಿಯಬೇಕಾದ್ದು ತುತ್ತತುದಿಯಲ್ಲಲ್ಲ, ಅದಕ್ಕಿಂತ ತುಸು ಕೆಳಗೆ, ಗಾಳಿ ತಾಗದ ಬಂಡೆಯ ಮರೆಯಲ್ಲಿ. ಮುಳ್ಳಯ್ಯನಗಿರಿಯನ್ನೇ ನೋಡಿ. 1930 ಮೀಟರ್, ರಾಜ್ಯದಲ್ಲೇ ಎತ್ತರದ್ದು. ಇನ್ನೊಂದು ಕಡೆಯಿಂದ ಕಾರುಗಳೂ ಬರುವುದರಿಂದ ರಜಾದಿನ ತುದಿಯಲ್ಲಿ ಜಾತ್ರೆ. ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತಿದರೆ ನಡುವಿನ ಹುಲ್ಲುಗುಡ್ಡ ನಿಮ್ಮದೇ. ಏರಿ ಬಂದ ಬೆನ್ನು ಬೆವರಿನಲ್ಲಿ ತೊಯ್ದಿರುತ್ತದೆ, ಗಾಳಿ ಸೋಕಿದರೆ ಸ್ವಲ್ಪ ಹೊತ್ತಿಗೇ ಮೈ ನಡುಗುತ್ತದೆ. ಕೂತ ಕೂಡಲೇ ಜಾಕೆಟ್ ಹಾಕಿ, ಆಮೇಲೆ ಫ್ಲಾಸ್ಕ್ ತೆಗೆಯಿರಿ.

ಆ ಫ್ಲಾಸ್ಕಿನಲ್ಲಿ ಹಾಲು ಹಾಕಿದ ಚಹಾ ಇರಬಾರದು. ಗಂಟೆಗಟ್ಟಲೆ ಬಿಸಿಯಲ್ಲೇ ಕೂತ ಹಾಲಿಗೆ ಬೇರೆಯೇ ವಾಸನೆ ಬರುತ್ತದೆ, ಮುಚ್ಚಳದ ರಬ್ಬರ್ ವಾಷರಿನಲ್ಲಿ ಸಿಕ್ಕಿಕೊಂಡ ಹಾಲು ಮುಂದಿನ ಸಲಕ್ಕೂ ನಾರುತ್ತದೆ. ಬರೀ ಬಿಸಿನೀರು ಒಯ್ಯಿರಿ. ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಮತ್ತೆ ಕುದಿನೀರನ್ನು ಮುಚ್ಚಳದ ಹತ್ತಿರದವರೆಗೆ ತುಂಬಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ಅರ್ಧ ಲೀಟರಿಗೆ ಮೂರು ಲೋಟ ಚಹಾ.

ಲೋಟಕ್ಕೆ ಒಂದು ಸಪಾಟು ಚಮಚ ಟೀಪುಡಿ, ಅಂದಾಜು ಎರಡು ಗ್ರಾಂ, ಮನೆಯಲ್ಲೇ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳಿ. ಫ್ಲಾಸ್ಕಿನ ನೀರು ಕುದಿಯುವಷ್ಟು ಬಿಸಿ ಇರುವುದಿಲ್ಲ, ಹಾಗಾಗಿ ನಾಲ್ಕು ನಿಮಿಷ ಮುಚ್ಚಿಡಬೇಕು. ಅವಸರಕ್ಕೆ ಗಂಟು ಹಿಂಡಿದರೆ ಒಗರು. ಹಾಲಿನಪುಡಿ ಬೇಕೆಂದರೆ ಮೊದಲು ಒಂದೆರಡು ಚಮಚ ನೀರಿನಲ್ಲಿ ಕದಡಿ, ನೇರ ಸುರಿದರೆ ಗಂಟಾಗುತ್ತದೆ. ಬೆಲ್ಲವನ್ನು ಹಾಲಿನ ಚಹಾಕ್ಕೆ ಹಾಕಿದರೆ ಒಡೆಯುವ ಭಯ. ಹಾಲಿಲ್ಲದ ಕಣ್ಣಚಹಾ ಮಾಡಿಕೊಂಡು ಬೆಲ್ಲವನ್ನು ಕಚ್ಚುತ್ತಾ ಕುಡಿಯುವುದೇ ರುಚಿ.

ಒಲೆ ಹೊತ್ತಿಸುವ ಮಾತೇ ಬೇಡ. ಜನವರಿ ದಾಟಿತೆಂದರೆ ಆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ, ಪಕ್ಕದ ಶೋಲಾ ಕಾಡಿನ ಅಂಚೂ ಸುಡುತ್ತದೆ.

ಒಂಟಿಯಾಗಿ ಹೋಗುವವರಿಗೆ ಲೆಕ್ಕವೂ ಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ನಡೆಯುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ, ವಿಶ್ರಾಂತಿಯ ಹೊತ್ತು ಅದರಲ್ಲಿಲ್ಲ. ಚಹಾಕ್ಕೆ ಅರ್ಧ ಗಂಟೆ ಬೇರೆಯಾಗಿಯೇ ಇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ. ಅರಣ್ಯ ಇಲಾಖೆಯ ಅನುಮತಿ ಬೇಕಾದ, ಒಬ್ಬರನ್ನೇ ಬಿಡದ ದಾರಿಗಳಲ್ಲಿ ನುಸುಳಬೇಡಿ. ಗುಡುಗು ಕೇಳಿದರೆ ಚಹಾ ಅರ್ಧಕ್ಕೇ ಬಿಟ್ಟು ಗುಡ್ಡದ ಬೆನ್ನಿನಿಂದ ಕೆಳಗಿಳಿಯಿರಿ.

ಇಷ್ಟೆಲ್ಲ ತಯಾರಿ ಆ ನಾಲ್ಕು ನಿಮಿಷಕ್ಕಾಗಿ. ಲೋಟದ ಮೇಲೆ ಮುಚ್ಚಳ, ಕೈಗೆ ಕೆಲಸವಿಲ್ಲ, ಮಾತಿಗೆ ಜನರಿಲ್ಲ. ಏದುಸಿರು ಇಳಿದಂತೆ ಮೊದಲು ಹುಲ್ಲಿನ ಸರಸರ ಕೇಳುತ್ತದೆ. ಆಮೇಲೆ ಕೆಳಗಿನ ಕಣಿವೆಯ ಕಾಡಿನಿಂದ ಸಿಳ್ಳಾರ ಹಕ್ಕಿ, ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದಂತೆ. ಮುಚ್ಚಳ ತೆಗೆದಾಗ ಆವಿ ನೇರ ಮೇಲೆ ಹೋದರೆ, ನೀವು ಆರಿಸಿದ ಬಂಡೆ ಸರಿಯಾಗಿದೆ.